ಕಿವಿಯ ಕಚ್ಚು

ಬೋಧಕರಿಗೆ ಮಗಳ ಮುಖ ಮರೆತುಹೋಗುತ್ತಿತ್ತು. ಇದನ್ನು ಅವರು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಪ್ರಾರ್ಥನಾ ಸಭೆಯ ಮುಂದೆ ನಿಂತರೆ ಗಂಟೆಗಟ್ಟಲೆ ಬಿಡುವಿಲ್ಲದ ಬಾಯಿ, ಈ ಒಂದು ವಿಷಯಕ್ಕೆ ಮಾತ್ರ ಬೀಗ ಹಾಕಿಕೊಳ್ಳುತ್ತಿತ್ತು. ಹಾಕಿಕೊಳ್ಳದೆ ಏನು ಮಾಡೀತು? ಮುಖ ಮರೆಯುವುದಕ್ಕೆ ಕಾರಣವೂ ಅವರೇ ತಾನೆ. ಅವರ ಸಭೆಯವರು ಸತ್ತವರ ಚಿತ್ರ ಇಟ್ಟುಕೊಳ್ಳುವಂತಿಲ್ಲ. ಸತ್ತು ತಿಂಗಳು ತುಂಬಿದ ದಿನ ಎಲ್ಲ ಫೋಟೊಗಳನ್ನೂ ಒಟ್ಟುಮಾಡಿ ಬೆಂಕಿಗೆ ಹಾಕಬೇಕು. ಚಿತ್ರಕ್ಕೆ ಅಂಟಿಕೊಂಡ ಮನಸ್ಸು ದೇವರ ಕಡೆ ತಿರುಗದು ಎಂಬ ನಂಬಿಕೆ. ಎಷ್ಟೋ ಮನೆಗಳಲ್ಲಿ ಅಳುವ ತಾಯಂದಿರ ಕೈಯಿಂದ ಫೋಟೊ ಬಿಡಿಸಿ ತಂದು ಸುಟ್ಟವರು ಬೋಧಕರು. ತಮ್ಮ ಮನೆಯ ಸರದಿ ಬಂದಾಗ ಹಿಂದೆಗೆದರೆ ಮರ್ಯಾದೆ ಉಳಿಯುತ್ತದೆಯೆ? ಹಿತ್ತಲ ಕಲ್ಲಿನ ಮೇಲೆ ಒಂದೊಂದಾಗಿ ಸುಟ್ಟರು. ಹೆಂಡತಿ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದರು, ತುಟಿ ಪಿಟಕ್ಕೆನ್ನಲಿಲ್ಲ.

ಅಂದು ಆಡದ ಮಾತನ್ನು ಆಕೆ ಆಡಿದ್ದು ಈಗ, ಮೂರು ವರ್ಷದ ಮೇಲೆ, ಊಟಕ್ಕೆ ಬಡಿಸುತ್ತ.

“ಮೂಗು ನೆನಪಿದೆ, ಬಾಯಿ ನೆನಪಿದೆ. ಜೋಡಿಸಿದ್ರೆ ಅವಳಾಗಲ್ಲ ಕಣ್ರೀ.”

ಬೋಧಕರು ತುತ್ತು ನುಂಗಿ, ಎಲ್ಲ ದೇವರ ಇಚ್ಛೆ ಎಂದರು. ತಮಗೆ ಮೂಗು ಕೂಡ ನೆನಪಿಲ್ಲವೆಂದು ಹೇಳಲಿಲ್ಲ.

ಅವರಿಗೆ ನೆನಪಿದ್ದದ್ದು ಎಡಗಿವಿ ಒಂದೇ. ಮಗಳು ಚಿಕ್ಕವಳಿದ್ದಾಗ ಹಿತ್ತಲಲ್ಲಿ ಕೂರಿಸಿಕೊಂಡು ಕೂದಲು ಕತ್ತರಿಸುತ್ತಿದ್ದರು. ಯಾವುದೋ ಹಕ್ಕಿ ಕೂಗಿತೆಂದು ಹುಡುಗಿ ಸರಕ್ಕನೆ ತಿರುಗಿದಳು, ಕತ್ತರಿ ಕಿವಿಯ ಮೇಲಂಚಿಗೆ ತಾಗಿತು. ಗಾಯ ಮಾಗಿದರೂ ಕಚ್ಚು ಉಳಿಯಿತು. ಜಡೆ ಹೆಣೆಯುವಾಗ ತಾಯಿಯ ಹೆಬ್ಬೆರಳು ದಿನವೂ ಅದನ್ನು ಸವರಿಯೇ ಮುಂದೆ ಹೋಗುತ್ತಿತ್ತು. ಯಾರಾದರೂ ಕೇಳಿದರೆ ಹುಡುಗಿ, ಅದು ಅಪ್ಪನ ಸಹಿ ಎನ್ನುತ್ತಿದ್ದಳು.

ಬೆಳೆದು ಜೀವವಿಜ್ಞಾನ ಓದಿದಳು. ಊಟದ ಮೇಜಿನ ಮೇಲೆ ತನ್ನ ಕೈಯನ್ನು ಅಪ್ಪನ ಕೈಯ ಪಕ್ಕ ಚಾಚಿ, ಇವೇ ಮೂಳೆಗಳು ಬಾವಲಿಯ ರೆಕ್ಕೆಯಲ್ಲೂ ಇವೆ, ಅವಕ್ಕೂ ನಮಗೂ ಹಿರಿಯರು ಒಬ್ಬರೇ ಎನ್ನುತ್ತಿದ್ದಳು. ಮಾಡಿದವನು ಒಬ್ಬನೇ, ಆದ್ದರಿಂದ ಅಚ್ಚೂ ಒಂದೇ ಎಂದು ಅಪ್ಪ. ಅಷ್ಟು ಜಾಣನಾದರೆ ನಿಮ್ಮ ಸೊಂಟ ಇಷ್ಟು ನೋಯುವ ಹಾಗೆ ಯಾಕೆ ಮಾಡಿದ ಎಂದು ಮಗಳು. ತಂದೆ ನಗುತ್ತಿದ್ದರು, ನಿಜ ಹೇಳಬೇಕೆಂದರೆ ಆ ವಾದವಿಲ್ಲದೆ ಅವರಿಗೆ ಊಟ ರುಚಿಸುತ್ತಿರಲಿಲ್ಲ. ಆದರೆ ಒಂದು ದಿನ ಅವಳು ಅದೇ ಮಾತನ್ನು ತುಂಬಿದ ಸಭೆಯಲ್ಲಿ ಎದ್ದು ನಿಂತು ಕೇಳಿದಳು. ಮನೆಯಲ್ಲಿ ತಮಾಷೆಯಾಗಿದ್ದದ್ದು ಅಲ್ಲಿ ಮುಖಭಂಗವಾಯಿತು. ಆ ಮೃಗಗಳೇ ನಿನ್ನ ಹಿರಿಯರಾದರೆ ಅವುಗಳ ಮನೆಗೇ ಹೋಗು ಎಂದರು ಬೋಧಕರು. ಹೋದಳು. ಹಠದಲ್ಲಿ ಅಪ್ಪನನ್ನೇ ಹೋಲುತ್ತಿದ್ದಳು, ತಿರುಗಿ ನೋಡಲಿಲ್ಲ. ವಸ್ತುಸಂಗ್ರಹಾಲಯದಲ್ಲಿ ಬೊಂಬೆ ಮಾಡುವವನನ್ನು ಮದುವೆಯಾದಳು. ಮುಂದೆ ಎದೆಗೆ ಇಳಿದ ಜ್ವರ ಅವಳನ್ನು ಒಯ್ದಾಗ, ಬೋಧಕರು ಹೋಗಿ ಮುಟ್ಟುವಷ್ಟರಲ್ಲಿ ಮುಖ ಮುಚ್ಚಿಯಾಗಿತ್ತು.

ಈಗ ಅದೇ ಅಳಿಯ ಬಾಗಿಲಲ್ಲಿ ನಿಂತಿದ್ದ. ಉಗುರಿನ ಸಂದಿಯಲ್ಲಿ ಜೇಡಿ ಒಣಗಿತ್ತು. ಸಂಗ್ರಹಾಲಯದಲ್ಲಿ ಮನುಷ್ಯನ ಪೂರ್ವಜರ ಹೊಸ ಕೋಣೆ ತೆರೆಯಲಿತ್ತು. ಲಕ್ಷಾಂತರ ವರ್ಷ ಹಿಂದಿನ ಹೆಣ್ಣೊಬ್ಬಳ ತಲೆಬುರುಡೆಯ ಮೇಲೆ ಅವನು ಮುಖ ಕಟ್ಟಿದ್ದ. ಊರೆಲ್ಲ ಅಂಟಿಸಿದ ಪ್ರಕಟಣೆ ನೋಡಿ ಸಭೆಯವರು ಕೆಂಡವಾಗಿದ್ದರು. ಮರುದಿನದ ಬೋಧನೆ ಅದರ ಮೇಲೆಯೇ ಎಂಬುದು ಅಳಿಯನಿಗೂ ಗೊತ್ತಿತ್ತು.

“ಮಾವ, ಬುರುಡೆ ಎಲ್ಲಾನೂ ಹೇಳಲ್ಲ,” ಎಂದ. “ಹಣೆ, ದವಡೆ, ಕೆನ್ನೆ ಹೇಗಿತ್ತು ಅಂತ ಹೇಳುತ್ತೆ. ತುಟಿ, ಕಿವಿ, ನೋಟ, ಇವನ್ನ ಮಾಡೋನೇ ಕೊಡಬೇಕು.”

“ಅಂದ್ರೆ ಊಹೆ. ನೀನೇ ಒಪ್ಪಿಕೊಂಡ ಹಾಗಾಯ್ತು.”

“ಅಷ್ಟು ಊಹೆ, ಒಪ್ಕೋತೀನಿ. ಮಾತಾಡೋ ಮುಂಚೆ ಒಂದ್ಸಲ ಬಂದು ನೋಡಿ. ಅತ್ತೇನೂ ಕರ್ಕೊಂಡು ಬನ್ನಿ. ಜನರನ್ನ ಮಾತ್ರ ಬೇಡ.”

ಯಾಕೆ ಎಂದು ಕೇಳಿದರೆ ಕಾರಣ ಹೇಳಲೊಲ್ಲ. ಹೇಳಿದರೆ ನನ್ನ ಕೆಲಸವೂ ಹೋಗುತ್ತದೆ, ಆ ಮುಖವೂ ಹೋಗುತ್ತದೆ ಎಂದಷ್ಟೇ ಅಂದ. ಬೋಧಕರಿಗೆ ಇದರಲ್ಲೇನೋ ಮಸಲತ್ತು ಕಂಡಿತು. ನೋಡಿದರೆ ಸೋತಂತೆ ಎನ್ನಿಸಿತು. ಒಳಗಿನಿಂದ ಹೆಂಡತಿ ಸೆರಗಿಗೆ ಕೈಯೊರೆಸುತ್ತ ಬಂದು, ಹೋಗಿಬರೋಣವಾ ಎಂದು ಕೇಳಿದರು. ಬೇಡ ಎಂದು ಬೋಧಕರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿ ಬಾಗಿಲು ಹಾಕಿಕೊಂಡರು.

ಮರುದಿನ ಅವರ ಮಾತಿಗೆ ಎಂದಿಲ್ಲದ ಕಳೆ ಬಂದಿತ್ತು. ಆ ಬೊಂಬೆಯ ಮುಖ ನೋಡಬೇಡಿ, ನೋಡಿದರೆ ಮರುಕ ಹುಟ್ಟುತ್ತದೆ, ಆ ಮರುಕವೇ ಬಲೆ ಎಂದರು. ಜನ ತಲೆದೂಗಿದರು. ತಲೆದೂಗುವ ಜನರನ್ನು ಕಂಡರೆ ಯಾವ ಮಾತುಗಾರನಿಗೆ ತಾನೆ ನಾಲಿಗೆ ನಿಲ್ಲುತ್ತದೆ? ಬೋಧಕರು ಕೈ ಎತ್ತಿದರು.

“ನಾಳೆ ನಾನೇ ಬಲೆಗೆ ಬಿದ್ದು, ನೋಡಿ ಅಂತ ಹೇಳಿದ್ರೂ ನೋಡಬೇಡಿ.”

ಸಭೆ ಹೋ ಎಂದಿತು. ಆ ಹುರುಪಿನಲ್ಲೇ ಎಲ್ಲರೂ ಸಂಗ್ರಹಾಲಯಕ್ಕೆಂದು ಬೀದಿಗಿಳಿದರು. ಒಡೆಯಿರಿ ಎಂದು ಬೋಧಕರು ಹೇಳಿರಲಿಲ್ಲ. ಒಡೆಯಬೇಡಿ ಎಂದೂ ಹೇಳಿರಲಿಲ್ಲ, ಕೊಳಾಯಿ ರಿಪೇರಿಯವನು ತನ್ನ ದೊಡ್ಡ ಕಬ್ಬಿಣದ ಪಾನಾವನ್ನು ಬಗಲಿಗೇರಿಸಿಕೊಂಡದ್ದನ್ನು ಕಣ್ಣಾರೆ ಕಂಡ ಮೇಲೂ.

ಸಂಗ್ರಹಾಲಯದ ಕಾವಲುಗಾರರು ಇಬ್ಬರೇ, ಅವರನ್ನು ಜನ ಪಕ್ಕಕ್ಕೆ ತಳ್ಳಿದರು. ಹೊಸ ಕೋಣೆಯಲ್ಲಿ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ನಡುವೆ, ಬಿಳಿ ಬಟ್ಟೆ ಹೊದ್ದು, ಮಂಡಿಯೂರಿದ ಆಕಾರವೊಂದಿತ್ತು. ಬೋಧಕರು ಹೇಳಿದ್ದಂತೆ ಎಲ್ಲರೂ ನೆಲ ನೋಡುತ್ತ ನಿಂತರು. ಬೋಧಕರು ಮುಂದೆ ಹೋಗಿ ಬಟ್ಟೆ ಎಳೆದರು. ಎಳೆಯುವವನು ಎಲ್ಲಿ ಕೈ ಹಾಕಬೇಕೆಂದಾದರೂ ನೋಡಲೇಬೇಕಲ್ಲ, ನೋಡಿದರು.

ತಗ್ಗು ಹಣೆ, ಮುಂಚಾಚಿದ ದವಡೆ, ಮೈತುಂಬ ರೋಮ. ಮೃಗವೇ ಸರಿ ಎಂದು ಸಮಾಧಾನವಾಯಿತು. ಆಮೇಲೆ ಎಡಗಿವಿ ಕಂಡಿತು. ಕೂದಲನ್ನು ಅದರ ಹಿಂದಕ್ಕೆ ಸರಿಸಲಾಗಿತ್ತು. ಮೇಲಂಚಿನಲ್ಲಿ ಕಚ್ಚು.

ಬೋಧಕರ ಕಣ್ಣು ಕಿವಿಯಿಂದ ತುಟಿಗೆ ಜಾರಿತು. ಎದುರುತ್ತರ ಕೊಡುವ ಮುಂಚೆ ತುಸು ತೆರೆಯುವ ತುಟಿ. ಅಲ್ಲಿಂದ ಕಣ್ಣಿಗೆ. ಆ ಕಣ್ಣು ಅವರನ್ನೇ ನೋಡುತ್ತಿತ್ತು, ಸೊಂಟನೋವಿನ ಮಾತೆತ್ತಿ ಅಪ್ಪ ಏನು ಹೇಳುತ್ತಾರೋ ಎಂದು ಕಾಯುವಾಗಿನ ಹಾಗೆ. ಮೂಗೂ ಬಾಯಿಯೂ ತಾವಾಗಿ ಕೂಡಿಕೊಂಡವು. ಮೂರು ವರ್ಷ ಕಣ್ಣು ಮುಚ್ಚಿ ಹುಡುಕಿದರೂ ಸಿಗದ ಮುಖ, ಆ ತಗ್ಗು ಹಣೆಯ ಕೆಳಗೆ ಪೂರ್ತಿ ಇತ್ತು. ಅವರಿಗೆ ಅಳು ಬಂದುಬಿಟ್ಟಿತು. ಸಂತೋಷದ ಅಳು, ನಾಚಿಕೆಯೇ ಆಗಲಿಲ್ಲ.

“ನಿಲ್ಲಿ,” ಎಂದರು. “ಇದರ ಮುಖ ನೋಡಿ. ಒಂದ್ಸಲ ನೋಡಿ.”

ಒಬ್ಬರೂ ತಲೆ ಎತ್ತಲಿಲ್ಲ. ಗುರುಗಳು ಬಲೆಗೆ ಬಿದ್ದರು ಎಂದು ಯಾರೋ ಹಿಂದಿನಿಂದ ಮರುಗಿದರು. ಕೊಳಾಯಿ ರಿಪೇರಿಯವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಅಂದಾಜಿನ ಮೇಲೆ ಪಾನಾ ಬೀಸಿದ. ಬೋಧಕರು ಅಡ್ಡ ಹೋದರು. ಪ್ರೀತಿಯಿಂದಲೇ, ಬಲೆಯಿಂದ ಬಿಡಿಸುವವರ ಹಾಗೆ, ನಾಲ್ಕು ಜನ ಅವರ ರಟ್ಟೆ ಹಿಡಿದು ಆಚೆ ಎಳೆದರು.

ಪೊಲೀಸರು ಬಂದು ಕೋಣೆ ಖಾಲಿ ಮಾಡಿಸುವ ಹೊತ್ತಿಗೆ ಕೆಲಸ ಮುಗಿದಿತ್ತು. ಅಳಿಯ ಮಂಡಿಯೂರಿ ಚೂರು ಹೆಕ್ಕುತ್ತಿದ್ದ. ಅವನ ಎದುರು ಬೋಧಕರೂ ಕೂತರು.

“ಅಚ್ಚು ಇರುತ್ತಲ್ಲ, ಇನ್ನೊಂದು ಮಾಡ್ಬಹುದಲ್ಲ?”

“ಅಚ್ಚು ಒಡೆದೇ ಮುಖ ಹೊರಗೆ ತೆಗೆಯೋದು ಮಾವ.”

“ನಿನ್ನ ಹತ್ರ ಅವಳ ಒಂದು ಫೋಟೊ...”

ಅಳಿಯ ತಲೆ ಎತ್ತಿ ನೋಡಿದ. ಸಿಟ್ಟು ಕೂಡ ಉಳಿದಿರಲಿಲ್ಲ ಆ ಮುಖದಲ್ಲಿ. “ನೀವೇ ಜನ ಕಳಿಸಿದ್ರಿ. ಗೋಡೆ ಮೇಲಿದ್ದದ್ದನ್ನ ತಗೊಂಡು ಹೋದ್ರು, ಫೋನಲ್ಲಿದ್ದದ್ದನ್ನೂ ಅಳಿಸಿ ಹೋದ್ರು. ಅವಳನ್ನ ಕಳ್ಕೊಂಡ ಮಂಕಿನಲ್ಲಿದ್ದೆ, ಬೇಡ ಅನ್ನೋಕೂ ತೋಚಲಿಲ್ಲ. ಕೈಗೆ ನೆನಪಿರುವಾಗಲೇ ಮಾಡ್ಬಿಡೋಣ ಅಂತ ಇದನ್ನ ಮಾಡ್ದೆ. ಈಗ ಕೈಗೂ ನೆನಪಿಲ್ಲ.”

ಕಾಲ ಬಳಿ ರಬ್ಬರಿನಂಥ ಚರ್ಮದ ತುಂಡೊಂದು ಬಿದ್ದಿತ್ತು. ಬೋಧಕರು ಅದನ್ನು ಜೇಬಿಗೆ ಹಾಕಿಕೊಂಡರು. ಇಷ್ಟು ವರ್ಷ ಊರಿಗೆಲ್ಲ ಬೇಡವೆಂದ ಕೆಲಸವನ್ನು ತಾವೇ ಮಾಡುತ್ತಿದ್ದೇವೆಂಬುದು ಅವರ ತಲೆಗೆ ಹೊಳೆಯಲೂ ಇಲ್ಲ.

ಮನೆಯಲ್ಲಿ ಹೆಂಡತಿ ಬಾಗಿಲಿಗೇ ಬಂದರು. ಆ ಮುಖ ಹೇಗಿತ್ತು ಎಂದು ಕೇಳಿದರು. ಬೋಧಕರು ಆ ತುಂಡನ್ನು ಜೇಬಿನಿಂದ ತೆಗೆದು ಆಕೆಯ ಅಂಗೈಯಲ್ಲಿ ಇಟ್ಟರು. ಆಕೆಗೆ ಮೊದಲು ಅದೇನೆಂದು ತಿಳಿಯಲಿಲ್ಲ. ಆದರೆ ಹೆಬ್ಬೆರಳು ತಾನಾಗಿ ಅಂಚಿನ ಮೇಲೆ ಹರಿದು, ಕಚ್ಚಿನ ಬಳಿ ಬಂದು ನಿಂತಿತು. ಮತ್ತೆ ಸವರಿತು, ಮತ್ತೆ ಅಲ್ಲೇ ನಿಂತಿತು.

ಆಕೆ ಅಳಲಿಲ್ಲ. ಗಂಡನ ಇನ್ನೊಂದು ಜೇಬನ್ನು ನೋಡಿದರು, ಖಾಲಿ ಕೈಗಳನ್ನು ನೋಡಿದರು, ಹಿಂದೆ ಯಾರಾದರೂ ಏನಾದರೂ ಹೊತ್ತು ತರುತ್ತಿದ್ದಾರೆಯೇ ಎಂದು ಬೀದಿಯ ಕಡೆಗೂ ನೋಡಿದರು.

“ಉಳಿದದ್ದು ಎಲ್ರೀ?” ಎಂದು ಕೇಳಿದರು.