ಕಣ್ಣಕ್ಕನ ಗುಬ್ಬಿ

ಹಳದಿ ಒಂದು ಕೂದಲೆಳೆಯಷ್ಟು ಹೆಚ್ಚಾಯಿತು, ದೀಪದ ಕೆಳಗೆ ಗೊತ್ತಾಗುವುದಿಲ್ಲ, ಕಿಟಕಿಯ ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ, ಜನ ದೀಪದ ಕೆಳಗೆ ಮಾತ್ರ ನಗುತ್ತಾರೆಯೇ — ಅವಳು ಪಿಂಗಾಣಿ ಹಲ್ಲನ್ನು ಚಿಮಟದ ತುದಿಯಲ್ಲಿ ತಿರುಗಿಸಿದಳು, ಮೇಲ್ಸಾಲಿನ ಮುಂದಿನ ಹಲ್ಲು, ಯಾವುದೋ ಶಾಲೆಯ ಹೆಡ್‌ಮಾಸ್ತರರಿಗಂತೆ, ದಂತವೈದ್ಯರು ಚೀಟಿಯಲ್ಲಿ ಬರೆದು ಕಳಿಸಿದ್ದಾರೆ, ಪಕ್ಕದ ಹಲ್ಲಿಗೆ ಹೊಂದಬೇಕು, ತೀರಾ ಬಿಳಿ ಬೇಡ. ತೀರಾ ಬಿಳಿ ಬೇಡ ಎನ್ನುವವರು ಈಗ ಎಲ್ಲಿದ್ದಾರೆ, ಎಲ್ಲರಿಗೂ ಸುಣ್ಣ ಬಳಿದಂಥ ಬಿಳಿಯೇ ಬೇಕು, ನಿನ್ನೆಯ ಆ ಸಭಾಂಗಣದ ಹಾಗೆ, ಗೋಡೆ ಬಿಳಿ, ನೆಲ ಬಿಳಿ, ಕೈಗೆ ಕಟ್ಟಿದ ನಂಬರಿನ ಪಟ್ಟಿಯೂ ಬಿಳಿ, ಕಂಡಕ್ಟರ್ ಒಳಗೆ ಕಾಲಿಡುತ್ತಲೇ, ಇದೇನು ಹಕ್ಕಿ ದಿನವೋ ಆಪರೇಷನ್ ಥಿಯೇಟರೋ ಅಂದಿದ್ದ. ಹಕ್ಕಿ ದಿನದ ಸಾಲಿನಲ್ಲೇ ಪರಿಚಯವಾದವನು, ಬಸ್ಸಿನ ಕೆಲಸದಿಂದ ನಿವೃತ್ತನಾಗಿ ಆರು ವರ್ಷವಾದರೂ ಅವನು ಕಂಡಕ್ಟರೇ, ಸಾಲಿನಲ್ಲಿ ನಿಂತರೆ ಮುಂದೆ ಹೋಗಿ ಮುಂದೆ ಹೋಗಿ ಎನ್ನುವುದು ಇನ್ನೂ ಬಿಟ್ಟಿಲ್ಲ. ಮೊದಲಿನ ಹಾಗಿಲ್ಲ ಕಣಮ್ಮ, ಎಲ್ಲಾ ಹಾಳಾಗೋಯ್ತು — ಇಪ್ಪತ್ತೈದು ವರ್ಷದಿಂದ ಇದೇ ಮಾತು, ಎರಡನೇ ವರ್ಷವೇ ಶುರು ಮಾಡಿದ್ದ, ಹೋದ ವರ್ಷದ ಹಾಗಿಲ್ಲ ಅಂತ. ಆದರೆ ಆಗ ಅದು ಬರಿಯ ಬಾಯಿಚಪಲ, ಈಗ ನಿಜ. ಆಗ ಹಕ್ಕಿ ದಿನ ಅಂದರೆ ಕಾರ್ಖಾನೆಯ ಅಂಗಳ, ಕಂಪನಿಯವರು ವರ್ಷಕ್ಕೊಂದು ದಿನ ಗೇಟು ತೆರೆಯುತ್ತಿದ್ದರು, ಆ ದಿನಕ್ಕೆಂದೇ ಒಂದು ಪಿಂಗಾಣಿ ಹಕ್ಕಿ ಮಾಡುತ್ತಿದ್ದರು, ಮತ್ತೆ ಆ ಹಕ್ಕಿ ಬೇರೆಲ್ಲೂ ಸಿಗುವುದಿಲ್ಲ, ಕುಲುಮೆಯ ಬಾಗಿಲಿನ ಬಿಸಿ ಮುಖಕ್ಕೆ ಹೊಡೆಯುತ್ತಿತ್ತು, ಕೊಕ್ಕು ಮುರಿದವನ್ನು ಒಂದು ಮೇಜಿನ ಮೇಲೆ ಸುರಿದಿರುತ್ತಿದ್ದರು, ಬೇಕಾದವರು ಸುಮ್ಮನೆ ಎತ್ತಿಕೊಳ್ಳಬಹುದು, ನಾದಿನಿ ಉಡಿ ತುಂಬ ತುಂಬಿಕೊಂಡು ಬಂದು, ಅತ್ತಿಗೆ ಇವಕ್ಕೆಲ್ಲ ನೀನು ಕೊಕ್ಕು ಕಟ್ಟಿಕೊಡು, ಹಲ್ಲು ಕಟ್ಟೋಳಿಗೆ ಕೊಕ್ಕು ಯಾವ ಲೆಕ್ಕ — ಮದುವೆಯಾಗಿ ಬಂದ ಮೊದಲ ವರ್ಷ ಅದು, ನಾದಿನಿಯೇ ಕೈ ಹಿಡಿದು ಎಳೆದುಕೊಂಡು ಹೋಗಿದ್ದಳು, ಅಂಗಳದ ಕೊನೆಯ ಬೆಂಚಿನಲ್ಲಿ ಕಣ್ಣಕ್ಕ.

ಕಣ್ಣಕ್ಕ ಎನ್ನುವುದು ಹೆಸರಲ್ಲ, ಜನ ಇಟ್ಟದ್ದು, ಹಕ್ಕಿಗಳಿಗೆ ಕಣ್ಣು ಬರೆಯುವುದೇ ಅವರ ಕೆಲಸ. ತಲೆಯ ಎರಡು ಬದಿಗೂ ಬಟಾಣಿಗಿಂತ ಚಿಕ್ಕ ಬಿಳಿ ವೃತ್ತ, ಅದರೊಳಗೆ ಕಪ್ಪು ಎಲ್ಲಿ ಕೂರುತ್ತದೋ ಹಕ್ಕಿ ಅತ್ತ ನೋಡುತ್ತದೆ, ಅದಕ್ಕೇ ಕುಂಚ ಎತ್ತಿ ಹಿಡಿದು ಒಬ್ಬೊಬ್ಬರನ್ನೂ ಕೇಳುತ್ತಿದ್ದರು, ಯಾವ ಕಡೆ ನೋಡ್ಬೇಕಮ್ಮ. ಅವಳು ಹೊಸ ಸೊಸೆ, ನಾದಿನಿಯೇ ಉತ್ತರಿಸಿದ್ದಳು, ನಮ್ಮಣ್ಣನ ಮೇಲೆ ಒಂದು ಕಣ್ಣಿಡ್ಲಿ. ಆ ಮಿಂಚುಳ್ಳಿ ಇವತ್ತಿಗೂ ಶೆಲ್ಫಿನಿಂದ ಓರೆಯಾಗಿ ಕೆಳಗೆ ನೋಡುತ್ತದೆ, ಮನೆಯವರು ಕದ್ದು ಸಕ್ಕರೆ ಹಾಕಿಕೊಳ್ಳುವಾಗಲೂ. ಅಲ್ಲಿಂದ ಒಂದು ವರ್ಷವೂ ತಪ್ಪಿಲ್ಲ, ಇಪ್ಪತ್ತಾರು ಹಕ್ಕಿ, ಹೆರಿಗೆಯಾದ ಒಂಬತ್ತನೇ ದಿನವೂ ಹೋಗಿ ಸಾಲಿನಲ್ಲಿ ನಿಂತವಳು, ಅತ್ತೆ ಎರಡು ದಿನ ಮಾತು ಬಿಟ್ಟಿದ್ದರು. ಮೂರು ವರ್ಷದ ಹಿಂದೆ ಹೋದಾಗ ಬೆಂಚು ಇರಲಿಲ್ಲ, ಅಂಗಳವೂ ಇರಲಿಲ್ಲ, ಬಾಡಿಗೆಯ ಸಭಾಂಗಣ, ಕಣ್ಣನ್ನೆಲ್ಲ ಯಂತ್ರ ಅಚ್ಚು ಹಾಕುತ್ತದಂತೆ, ಎಲ್ಲಾ ಹಕ್ಕಿಗಳೂ ನೇರ ಮುಂದಕ್ಕೇ ನೋಡುತ್ತವೆ, ಪೊಲೀಸಿನವರಿಗೆ ಫೋಟೋ ತೆಗೆಸಿಕೊಂಡಂತೆ, ಅವತ್ತೇ ಕಂಡಕ್ಟರ್ ಶಪಥ ಮಾಡಿದ್ದ, ಕೈಯಲ್ಲಿ ಕಣ್ಣು ಬರೆಯೋವರೆಗೂ ನಾನು ಕೊಳ್ಳಲ್ಲ. ಆಮೇಲೂ ಬರುವುದು ಬಿಟ್ಟಿಲ್ಲ, ಬಯ್ಯಲಿಕ್ಕೆ ಒಂದು ಜಾಗ ಬೇಕಲ್ಲ. ನಾದಿನಿಯ ಮನೆ ಬೆಂಕಿಪೊಟ್ಟಣದಷ್ಟು, ಇಡಲು ಜಾಗವಿಲ್ಲ, ಅವಳೂ ಕೊಳ್ಳುವುದಿಲ್ಲ, ಮೂವರೂ ಚಹಾ ಕುಡಿದು ಆಡಿಕೊಂಡು ನಕ್ಕು ಬಂದರೆ ಅವಳ ವರ್ಷ ನಡೆಯುತ್ತದೆ. ನಿನ್ನೆ ಮಾತ್ರ — ಹಳದಿ ಇಳಿಸಬೇಕು, ನಸುಗೆಂಪಿನ ಒಂದು ಛಾಯೆ ಸೇರಿಸಿ ಮತ್ತೊಮ್ಮೆ ಸುಟ್ಟರೆ ಸರಿಹೋದೀತು, ಕುಲುಮೆ ಕಾಯಲಿ — ನಿನ್ನೆ, ಈ ವರ್ಷದ ಹಕ್ಕಿ ಗುಬ್ಬಿ, ಅದರ ಪೆಟ್ಟಿಗೆ ಕೈಗೆ ಬಂದಿತ್ತಷ್ಟೆ, ಮೇಲೆ ದಪ್ಪ ಅಕ್ಷರದಲ್ಲಿ ತೆರೆಯಬೇಡಿ ಎಂದಿತ್ತು, ತೆರೆದರೆ ಬೆಲೆ ಹೋಗುತ್ತದಂತೆ, ಹಕ್ಕಿ ಕೊಂಡು ಮುಖ ನೋಡಬಾರದಂತೆ, ಅಷ್ಟರಲ್ಲಿ ನಾದಿನಿ ಮೊಣಕೈ ತಿವಿದಳು, ಅತ್ತಿಗೆ, ಅಲ್ಲಿ ನೋಡು. ಸಾಲಿನ ಬಾಲದಲ್ಲಿ ಕಣ್ಣಕ್ಕ. ಕೂದಲು ಪೂರ್ತಿ ಬೆಳ್ಳಗಾಗಿದೆ, ಸಣ್ಣ ಮಣಿಕಟ್ಟಿಗೆ ಆ ಬಿಳಿ ಪಟ್ಟಿ ಸಡಿಲವಾಗಿ ಜಾರುತ್ತಿದೆ, ಎಲ್ಲರ ಹಾಗೆ ನಿಂತಿದ್ದಾರೆ. ನೀವು ಯಾಕೆ ಸಾಲಲ್ಲಿ, ಅಂದರೆ ನಕ್ಕರು, ಮೂವತ್ತೊಂದು ವರ್ಷ ಕಣ್ಣು ಬರೆದೆ ಮಗಳೇ, ಮನೇಲಿ ಒಂದು ಹಕ್ಕಿ ಇಲ್ಲ, ಆವಾಗ ಕೆಲಸದ ಮಧ್ಯ ಸಾಲಲ್ಲಿ ನಿಲ್ಲೋಕೆ ಎಲ್ಲಿ ಆಗ್ತಿತ್ತು, ಈಗ ಬಿಡುವಿದೆ.

ಅವರ ಸರದಿ ಬರುವ ಹೊತ್ತಿಗೆ ಗುಬ್ಬಿ ಮುಗಿದಿತ್ತು. ಟ್ಯಾಬ್ ಹಿಡಿದ ಹುಡುಗಿ ಚೆನ್ನಾಗಿಯೇ ಹೇಳಿದಳು, ಸ್ಟಾಕ್ ಮುಗೀತು ಅಜ್ಜಿ, ಬೇಕಿದ್ರೆ ಆ ದೊಡ್ಡ ಗುಬ್ಬಿ ವೇಷದವರ ಜೊತೆ ಫೋಟೋ ತೆಗೀತೀನಿ. ಕಂಡಕ್ಟರಿಗೆ ತಡೆಯಲಾಗಲಿಲ್ಲ, ನಿಮ್ಮ ಕಂಪನಿ ಹಕ್ಕಿಗಳಿಗೆಲ್ಲ ಕಣ್ಣು ಕೊಟ್ಟೋರು ಇವರು, ಗೊತ್ತಾ. ಹೌದಾ, ಸೂಪರ್, ಹಾಗಾದ್ರೆ ಎರಡು ಫೋಟೋ ತೆಗೀಲಾ. ಕಣ್ಣಕ್ಕ ಆ ಹುಡುಗಿಯ ಕೆನ್ನೆ ಸವರಿ ಹೊರಟೇಬಿಟ್ಟರು, ಬೇಸರವೂ ಇಲ್ಲ, ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆ ಎಂಬಂತೆ. ಇತ್ತ ಅವಳ ಕೈಯಲ್ಲಿ ಪೆಟ್ಟಿಗೆ. ಇಪ್ಪತ್ತೇಳನೆಯದು, ಶೆಲ್ಫಿನಲ್ಲಿ ಬೆಳಿಗ್ಗೆಯೇ ಧೂಳು ಒರೆಸಿ ಜಾಗ ಮಾಡಿಟ್ಟು ಬಂದಿದ್ದಳು, ಸಾಲು ತಪ್ಪುತ್ತದೆ, ಒಂದು ವರ್ಷ ತಪ್ಪಿದರೆ ತಪ್ಪಿದ್ದೇ, ಅದು ಮತ್ತೆ ಸಿಗುವುದಲ್ಲ — ಸುಳ್ಳೇಕೆ, ಬಾಗಿಲವರೆಗೆ ಹೋಗಲು ಬಿಟ್ಟಳು ಅವರನ್ನು, ಗಾಜಿನ ಬಾಗಿಲು ತೆರೆದುಕೊಳ್ಳುವವರೆಗೂ ಬಿಟ್ಟಳು. ಆಮೇಲೆ ಓಡಿದ್ದು ಅವಳೇ. ಮೆಟ್ಟಿಲ ಮೇಲೆ ಕೂರಿಸಿ ಪೆಟ್ಟಿಗೆ ಮಡಿಲಿಗಿಟ್ಟರೆ, ಬೇಡ ಮಗಳೇ, ನಿನ್ನ ಸಾಲಿದೆಯಲ್ಲ. ಸಾಲಿನಲ್ಲಿ ಇಪ್ಪತ್ತಮೂರು ನೀವೇ ಬರೆದದ್ದು, ಇನ್ನೆಷ್ಟು ಬೇಕು ನನಗೆ. ಕಂಡಕ್ಟರ್ ಅಂಟುಪಟ್ಟಿಯನ್ನು ಬೀಗದ ಕೈಯಿಂದ ಸೀಳಿದ, ಬೆಲೆ ಹೋಯ್ತು ಬಿಡಿ ಇನ್ನು, ಆರಾಮಾಗಿ ನೋಡಬಹುದು. ಗುಬ್ಬಿಯ ಕಂದು ಬಣ್ಣ ಚೆನ್ನಾಗಿತ್ತು, ಅದನ್ನು ಒಪ್ಪಬೇಕು, ಕಣ್ಣಕ್ಕ ಒಂದು ಕಣ್ಣಿನ ಮೇಲೆ ಉಗುರಾಡಿಸಿದರು, ಅಚ್ಚೆಂದುಕೊಂಡದ್ದು ಬರಿ ಸ್ಟಿಕರು, ಸಿಪ್ಪೆಯಂತೆ ಎದ್ದು ಬಂತು, ಇನ್ನೊಂದೂ ಬಂತು, ಕೆಳಗೆ ಖಾಲಿ ಬಿಳಿ ವೃತ್ತ. ನಾದಿನಿ ಚೀಲ ಕೆದಕಿ ಐಲೈನರ್ ತೆಗೆದಳು, ಕಣ್ಣಿಗೆ ಹಚ್ಚೋದೇ ತಾನೇ, ಅತ್ತರೂ ಅಳಿಸಲ್ಲ ಅಂತ ಬರೆದಿದ್ದಾರೆ. ಕಣ್ಣಕ್ಕ ಅದನ್ನು ಅವಳ ಕೈಗೆ ದಾಟಿಸಿದರು, ನನ್ನ ಬೆರಳು ಈಗ ನಿಲ್ಲಲ್ಲ, ನೀನು ಬರಿ, ಹಲ್ಲು ಮಾಡೋ ಕೈ. ಯಾವ ಕಡೆ ನೋಡಬೇಕು ಕಣ್ಣಕ್ಕ, ಎಂದು ಕೇಳಿದಳು, ಅವರನ್ನು ಜೀವಮಾನದಲ್ಲಿ ಯಾರೂ ಹಾಗೆ ಕೇಳಿಲ್ಲವೇನೋ, ರಸ್ತೆ ನೋಡಿದರು, ತಮ್ಮ ಬೆರಳು ನೋಡಿಕೊಂಡರು, ಕೊನೆಗೆ, ಸ್ವಲ್ಪ ಮೇಲಕ್ಕೆ, ನಾನು ಬೆಂಚಿಂದ ತಲೆ ಎತ್ತಿದ್ರೆ ಎದುರಿಗೆ ನಿಮ್ಮ ಮುಖ ಕಾಣ್ತಿತ್ತಲ್ಲ, ಅಷ್ಟು ಮೇಲಕ್ಕೆ. ದಿನಕ್ಕೆ ಹತ್ತು ಹಲ್ಲಿಗೆ ಬಣ್ಣ ಕೊಡುವ ಕೈ, ಆದರೂ ಬಲಗಣ್ಣು ತುಸು ದೊಡ್ಡದಾಯಿತು, ಕಣ್ಣಕ್ಕ ತಿರುಗಿಸಿ ತಿರುಗಿಸಿ ನೋಡಿ, ಕಾರ್ಖಾನೇಲಿ ಆಗಿದ್ರೆ ವಾಪಸ್ ಮಾಡ್ತಿದ್ದೆ, ಇರ್ಲಿ, ಕಣ್ಣರಳಿಸಿ ನೋಡ್ಲಿ ಅಂದರು. ಮೂವರೂ ಹೋಗಿ ಬಸ್ಸು ಹತ್ತಿಸಿದರು, ಕಣ್ಣಕ್ಕ ಪೆಟ್ಟಿಗೆ ಬೇಡವೇ ಬೇಡ ಅಂದರು, ಕಿಟಕಿಯ ಬಳಿ ಕೂತು ಅಂಗೈ ಬಿಚ್ಚಿದರು, ಅಂಗೈ ಮೇಲೆ ಗುಬ್ಬಿ.

ರಾತ್ರಿ ಊಟಕ್ಕೆ ಕೂತಾಗ ಮನೆಯವರು ಶೆಲ್ಫ್ ನೋಡಿ, ಜಾಗ ಖಾಲಿ ಇದೆಯಲ್ಲ, ನನ್ನ ಕನ್ನಡಕ ಅಲ್ಲಿಡ್ಲಾ, ದಿನಾ ಹುಡುಕೋದು ತಪ್ಪುತ್ತೆ, ಅಂದರು, ಅವಳು ಇಡಿ ಎಂದಳು, ತನಗೇ ಆಶ್ಚರ್ಯವಾಗುವಷ್ಟು ಸಲೀಸಾಗಿ, ನೋವಾಗುತ್ತದೆಂದು ಕಾದರೆ ಅದು ಬರಲಿಲ್ಲ. ಇವತ್ತು ಬೆಳಿಗ್ಗೆಯೇ ಕಂಡಕ್ಟರ್ ಫೋನು, ಮುಂದಿನ ವರ್ಷ ಹಾಲ್ ಒಳಗೇ ಹೋಗೋದು ಬೇಡ ಕಣಮ್ಮ, ಮೆಟ್ಟಿಲ ಮೇಲೇ ಕೂರೋಣ, ಕಣ್ಣಕ್ಕನ್ನೂ ಕರೆಯೋಣ, ಆದರೂ ಈ ವರ್ಷದ ಹಾಗೆ ಇರಲ್ಲ ಬಿಡು — ನೋಡು, ಆಗಲೇ ಶುರು. ಕುಲುಮೆ ಕಾದಿರಬೇಕು, ಬುಧವಾರ ಹೆಡ್‌ಮಾಸ್ತರರು ಬರುತ್ತಾರೆ, ಹಳದಿ ಇಳಿಸಬೇಕು, ಕೆಂಪಿನ ಒಂದು ಛಾಯೆ, ಕುಂಚ ಎಲ್ಲಿಟ್ಟೆ, ಇಲ್ಲೇ ಇದೆ ಕೈಯಲ್ಲೇ, ಮೊದಲು ಅಂಚಿಗೆ, ಆಮೇಲೆ — ಬಸ್ಸು ಹೊರಟಿತು, ಕಿಟಕಿಯಲ್ಲಿ ಬಿಚ್ಚಿದ ಅಂಗೈ, ಅಂಗೈ ಮೇಲೆ ಗುಬ್ಬಿ, ಸ್ವಲ್ಪ ಮೇಲಕ್ಕೆ ನೋಡುತ್ತ, ಬಲಗಣ್ಣು ತುಸು ದೊಡ್ಡದು.