ಮಾವನ ಮೂಗು

ಮೇಷ್ಟ್ರ ಬೈಕಿನ ಪೆಟ್ರೋಲ್ ಟ್ಯಾಂಕಿಗೆ ಬಣ್ಣದ ಕೊನೆಯ ಕೋಟು ಹೊಡೆದ ಒಂಬತ್ತನೆಯ ದಿನ ಮಾವ ಅದರ ಮೇಲೆ ಬಗ್ಗಿ ಮೂಸಿ ನೋಡಿ, ವಾಸನೆ ಪೂರ್ತಿ ಹೋಗಿದೆ, ನಾಳೆ ಮೇಷ್ಟ್ರಿಗೆ ಬಂದು ಗಾಡಿ ತಗೊಂಡು ಹೋಗೋಕೆ ಹೇಳು ಅಂದರು. ಅವರು ಕೈ ತೊಳೆಯಲು ಹಿಂದಕ್ಕೆ ಹೋದಾಗ ನಾನೂ ಬಗ್ಗಿ ಮೂಸಿದೆ. ಥಿನ್ನರ್ ಘಾಟು ನೇರ ಕಣ್ಣಿಗೆ ಹತ್ತಿತು.

ಲ್ಯಾಕರ್‌ನಷ್ಟು ನಾಟಕ ಆಡುವ ಬಣ್ಣ ಇನ್ನೊಂದಿಲ್ಲ. ಒಂದು ಗಂಟೆಯಲ್ಲಿ ಕೈಗೆ ಅಂಟದಂತಾಗುತ್ತದೆ, ಮರುದಿನ ಕನ್ನಡಿಯಂತೆ ಹೊಳೆಯುತ್ತದೆ. ಆದರೆ ಬಣ್ಣ ತೆಳುವಾಗಲೆಂದು ಬೆರೆಸಿ, ಎಂಟು ಕೋಟುಗಳ ಅಡಿಯಲ್ಲಿ ಸಿಕ್ಕಿಬಿದ್ದ ಥಿನ್ನರ್ ಹೊರಗೆ ಬರಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ಮೇಣ ಹಚ್ಚಬಾರದು, ಪೆಟ್ರೋಲ್ ಹನಿಯಬಾರದು, ಹೊದಿಕೆಯಂತೂ ಹಾಕಲೇಬಾರದು. ಹಾಕಿದರೆ ಬಟ್ಟೆಯ ನೇಯ್ಗೆಯೇ ಬಣ್ಣದಲ್ಲಿ ಅಚ್ಚಾಗಿ ಕೂರುತ್ತದೆ. ಎಷ್ಟು ದಿನ ಅಂತ ಕೇಳಿದರೆ ಬೇರೆ ಪೇಂಟರುಗಳು ಕ್ಯಾಲೆಂಡರ್ ನೋಡುತ್ತಾರೆ. ನಮ್ಮ ಮಾವ ಮೂಗನ್ನು ಕೇಳುತ್ತಾರೆ. ಮೂವತ್ತು ವರ್ಷದಿಂದ ಅವರ ಅಂಗಡಿಗೆ ಜನ ಬರುವುದು ಆ ಮೂಗನ್ನು ನಂಬಿ.

ನನ್ನ ಗಂಡ ಲಾರಿ ಓಡಿಸುತ್ತಾರೆ, ತಿಂಗಳಲ್ಲಿ ಇಪ್ಪತ್ತು ದಿನ ಮನೆಯಲ್ಲಿರುವುದಿಲ್ಲ. ಮೂರು ವರ್ಷದಿಂದ ಮಾವನ ಅಂಗಡಿಯಲ್ಲಿ ಉಜ್ಜುವುದು, ಪಾಲಿಶ್ ಮಾಡುವುದು ನನ್ನ ಕೆಲಸ. ಸ್ಪ್ರೇ ಗನ್ ಮುಟ್ಟಲು ಬಿಟ್ಟಿಲ್ಲ. ಆಗಾಗ ಕರೆದು, ಮೂಸಿ ಹೇಳು, ಆಗಿದೆಯಾ ಇಲ್ವಾ ಅನ್ನುತ್ತಿದ್ದರು. ಆಗಿದೆ ಅಂದರೂ ಬೈಗುಳ, ಇಲ್ಲ ಅಂದರೂ ಬೈಗುಳ. ನಾನೇನೂ ಬೆಲ್ಲದ ಅಚ್ಚಲ್ಲ, ಸಿಟ್ಟು ಬಂದರೆ ಕೈಗೆ ಸಿಕ್ಕಿದ ಡಬ್ಬಿ ಕುಕ್ಕುವವಳು. ಆದರೆ ಮೂಗಿನ ವಿಷಯಕ್ಕೆ ಬಂದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ಅವತ್ತು ಸಂಜೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನನ್ನ ಮೂಗೇ ಕೆಟ್ಟಿದೆಯೋ ಏನೋ ಅಂತ ಈರುಳ್ಳಿ ಮೂಸಿದೆ, ಸೋಪು ಮೂಸಿದೆ, ಸೀಮೆಎಣ್ಣೆ ಮೂಸಿದೆ. ಎಲ್ಲದರ ವಾಸನೆಯೂ ಚೆನ್ನಾಗಿಯೇ ಬರುತ್ತಿತ್ತು. ಗಂಡನಿಗೆ ಫೋನ್ ಮಾಡಿದರೆ, ಅಪ್ಪನ ಮೂಗಿಗೆ ಎದುರು ಮಾತಾಡೋಕೆ ಹೋಗ್ಬೇಡ ಅಂತ ಇಟ್ಟುಬಿಟ್ಟರು. ಟ್ಯಾಂಕು ಕೆಟ್ಟರೆ ಮಾವನ ಮಾತಿಗೆ ಬೆಲೆ ಇರುವುದಿಲ್ಲ. ನಾನು ಬಾಯಿ ಬಿಟ್ಟರೆ ಮಾವನಿಗೆ ಮುಖ ಇರುವುದಿಲ್ಲ. ಮಡಚಿದ ಬಟ್ಟೆಯನ್ನೇ ನಾಲ್ಕು ಸಲ ಬಿಚ್ಚಿ ಮಡಚಿದೆ.

ಬೆಳಗ್ಗೆ ಒಂದು ಕೆಟ್ಟ ಕೆಲಸ ಮಾಡಿದೆ. ಮಾವ ಪೇಪರ್ ಓದುತ್ತ ಕೂತಿದ್ದಾಗ ಮುಚ್ಚಳ ತೆಗೆದ ಥಿನ್ನರ್ ಡಬ್ಬಿಯನ್ನು ಅವರ ಕುರ್ಚಿಯ ಕೆಳಗೆ ತಳ್ಳಿದೆ. ಬಾಗಿಲಲ್ಲಿದ್ದ ನನಗೆ ಕೆಮ್ಮು ಬಂತು. ಮಾವ ಹಾಳೆ ತಿರುವಿದರು. ಮತ್ತೊಂದು ತಿರುವಿದರು. ಆಮೇಲೆ ತಲೆಯೆತ್ತಿ, ಶೀತ ಆಗಿದೆಯೇನಮ್ಮ ಅಂತ ಕೇಳಿದರು.

ಹತ್ತು ಗಂಟೆಗೆ ಮೇಷ್ಟ್ರು ಬಂದರು. ಶಾಲೆಯಲ್ಲಿ ಚಿತ್ರ ಕಲಿಸುವವರು, ಹೆಂಡತಿಯ ಜೊತೆ ಈ ಗಾಡಿಯಲ್ಲಿ ನಾಲ್ಕು ದಿನದ ಪ್ರಯಾಣ ಹೊರಡುವವರಿದ್ದರು. ಕೈಯಲ್ಲಿ ಹೊಸ ಹೊದಿಕೆ, ಒಂದು ಡಬ್ಬಿ ಮೇಣ, ಟ್ಯಾಂಕಿನ ಮೇಲೆ ಕಟ್ಟಲು ಪಟ್ಟಿಯಿರುವ ಚೀಲ. ಬೇಕೆಂದೇ ಆಯ್ದು ತಂದರೂ ಇದಕ್ಕಿಂತ ಕೆಟ್ಟದ್ದು ಸಿಗುತ್ತಿರಲಿಲ್ಲ. ಮಾವ ಗಾಡಿಯ ಬೀಗದ ಕೈ ಚಾಚಿದರು. ಮೇಷ್ಟ್ರು ಚೀಲವನ್ನು ಟ್ಯಾಂಕಿನ ಮೇಲೆ ಇಡಲು ಎತ್ತಿದರು.

"ಇಡ್ಬೇಡಿ. ನಿನ್ನೆ ಸಂಜೆ ಮಾವನಿಗೆ ಹೇಳದೆ ನಾನೇ ಇನ್ನೊಂದು ಕೋಟು ಹೊಡ್ದಿದೀನಿ. ಅದು ಆರಿಲ್ಲ."

ನಾಲಿಗೆಗೆ ಮೊದಲು ಬಂದ ಸುಳ್ಳು ಅದೇ. ಮೇಷ್ಟ್ರ ಮುಖ ಗಂಟಾಯಿತು. ಮಾವ ನನ್ನನ್ನೇ ದಿಟ್ಟಿಸಿದರು, ಆಮೇಲೆ ಬೈಯಲು ಶುರು ಮಾಡಿದರು. ನಿನ್ನ ಕೈ ತುರಿಸ್ತಿತ್ತಾ, ಯಾರನ್ನ ಕೇಳಿ ಗನ್ ಮುಟ್ಟಿದೆ ಅಂತ ರಸ್ತೆಗೆ ಕೇಳುವಷ್ಟು ಬೈದರು. ಮಾಡದ ತಪ್ಪಿಗೆ ಬೈಸಿಕೊಳ್ಳುವುದು ಇಷ್ಟು ಉರಿಯುತ್ತದೆಂದು ಗೊತ್ತಿರಲಿಲ್ಲ. ಹೆಂಗಸರ ಕೈಗೆ ಕೆಲಸ ಕೊಟ್ರೆ ಹೀಗೇ ಅಂತ ಗೊಣಗಿ ಮೇಷ್ಟ್ರು ಚೀಲ ಹೆಗಲಿಗೇರಿಸಿ ಎದುರಿನ ಬಸ್ ನಿಲ್ದಾಣಕ್ಕೆ ನಡೆದರು.

ಮಾವ ಕುರ್ಚಿಯಲ್ಲಿ ಕುಸಿದರು.

"ಗನ್ ಇಟ್ಟಿರೋ ಕಪಾಟಿನ ಬೀಗದ ಕೈ ನನ್ನ ಸೊಂಟದಲ್ಲಿದೆ," ಅಂದರು. "ಯಾವಾಗ ಗೊತ್ತಾಯ್ತು?"

ಬೆಳಗ್ಗೆ ಅಂದೆ. ಹೋದ ತಿಂಗಳು ತಮಗೆ ದೊಡ್ಡ ಜ್ವರ ಬಂದು ಹೋದಾಗಿನಿಂದ ಯಾವ ವಾಸನೆಯೂ ಬರ್ತಿಲ್ಲ ಅಂದರು. ಈಗ ಬರುತ್ತೆ, ನಾಳೆ ಬರುತ್ತೆ ಅಂತ ಕಾಯುತ್ತಿದ್ದರಂತೆ. ಈ ಟ್ಯಾಂಕು ಮೂಸಿದಾಗ ಏನೂ ತಿಳಿಯದೆ, ಒಂಬತ್ತು ದಿನದ ಬಿಸಿಲು ಚೆನ್ನಾಗಿತ್ತಲ್ಲ ಅಂತ ಅಂದಾಜಿನ ಮೇಲೆ ಹೇಳಿಬಿಟ್ಟರಂತೆ. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

ಇನ್ನೆಷ್ಟು ದಿನ ಬೇಕು ನೋಡು ಅಂದರು. ಬಗ್ಗಿ ಮೂಸಿದೆ. ಘಾಟು ಇತ್ತು, ಅಷ್ಟೇ. ಹತ್ತು ದಿನವೋ, ಇಪ್ಪತ್ತೋ, ನನಗೇನು ಗೊತ್ತು.

"ಗೊತ್ತಾಗ್ತಿಲ್ಲ ಮಾವ."

"ನಂಗೂ ಯಾವತ್ತೂ ಗೊತ್ತಿರ್ಲಿಲ್ಲ," ಅಂದರು. "ದಿನಾ ಬಂದು ಮೂಸ್ತಿದ್ದೆ, ಅಷ್ಟೇ. ತಪ್ಪಿದ್ರೆ ಅಂತ ಹೆದ್ರಿಕೆ. ಅದನ್ನ ನಿನ್ನ ಮೇಲೆ ಹಾಕ್ತಿದ್ದೆ."

ಸೊಂಟದಿಂದ ಬೀಗದ ಕೈ ಬಿಚ್ಚಿ ನನ್ನ ಪಕ್ಕದ ಸ್ಟೂಲಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಎಲ್ಲಿಗೆ ಅಂತ ಕೇಳುವಷ್ಟರಲ್ಲಿ ರಸ್ತೆ ದಾಟಿದ್ದರು. ನಿಲ್ದಾಣದಲ್ಲಿ ಏಳೆಂಟು ಜನರಿದ್ದರು. ಅವರೆಲ್ಲರ ಮಧ್ಯೆ ಮಾವ ಮೇಷ್ಟ್ರಿಗೆ ಏನೋ ಹೇಳುತ್ತಿದ್ದರು, ಅಂಗಡಿಯ ಬಾಗಿಲಲ್ಲಿದ್ದ ನನ್ನ ಕಡೆ ಕೈ ತೋರಿಸಿ ಅವಳಲ್ಲ ಎಂಬಂತೆ ತಲೆಯಾಡಿಸಿದರು, ಆಮೇಲೆ ಬೆರಳಿನಿಂದ ತಮ್ಮ ಮೂಗನ್ನೇ ತೋರಿಸಿಕೊಂಡರು.

ಬಸ್ಸು ಬಂದು ನಿಂತು ಹೊರಟುಹೋಯಿತು. ಮೇಷ್ಟ್ರು ಹತ್ತಲಿಲ್ಲ.