ಜಯಾನಂದರು ಮಾಲೀಕರಾದದ್ದು

ಜಯಾನಂದರು ಅಗಲವಾದ ರಸ್ತೆಯಲ್ಲೂ ಓರೆಯಾಗಿಯೇ ನಡೆಯುತ್ತಿದ್ದರು. ಬಲಭುಜ ಮುಂದೆ, ಎಡಭುಜ ಹಿಂದೆ, ಹೊಟ್ಟೆಯನ್ನು ಒಂದಿಷ್ಟು ಒಳಕ್ಕೆಳೆದುಕೊಂಡು, ಯಾವುದೋ ಮೇಜಿನ ಮೂಲೆ ಸೊಂಟಕ್ಕೆ ತಗಲೀತೆಂಬ ಎಚ್ಚರದಲ್ಲಿ ಅವರು ದೆಹಲಿಯ ಆರ್.ಕೆ.ಪುರಂನ ನಿರ್ಜನವಾದ ಬೇಸಿಗೆಯ ಮಧ್ಯಾಹ್ನದಲ್ಲಿ ನಡೆದು ಬರುವುದನ್ನು ಮೊದಲ ಸಲ ಕಂಡವರಿಗೆ ಈ ಮನುಷ್ಯನಿಗೆ ಬೆನ್ನಿನ ತೊಂದರೆಯಿದೆಯೆಂದೇ ತೋರುತ್ತಿತ್ತು. ತೊಂದರೆ ಬೆನ್ನಿನದಲ್ಲ, ಹೋಟೆಲಿನದು. ನಮ್ಮ ಸೆಕ್ಟರಿನ ಮಾರುಕಟ್ಟೆಯಲ್ಲಿ ಅವರ ಹೋಟೆಲಿದ್ದದ್ದು ಹತ್ತಡಿ ಅಗಲದ ಜಾಗದಲ್ಲಿ. ಅಲ್ಲಿ ಹನ್ನೊಂದು ಮೇಜುಗಳನ್ನು ಕೂರಿಸಿದ ಮೇಲೆ ಮನುಷ್ಯರಿಗೆಂದು ಉಳಿದದ್ದು ಓರೆ ದಾರಿಯೊಂದೇ. ಇಪ್ಪತ್ತೆರಡು ವರ್ಷ ಆ ದಾರಿಯಲ್ಲಿ ಓಡಾಡಿದ ದೇಹಕ್ಕೆ ಜಗತ್ತು ಅದಕ್ಕಿಂತ ಅಗಲವಾಗಿರಬಹುದೆಂಬ ಸಂಶಯವೇ ಬಂದಿರಲಿಲ್ಲ.

ಆ ಇಪ್ಪತ್ತೆರಡು ವರ್ಷಗಳಲ್ಲಿ ಗಿರಾಕಿಗಳ ಕಣ್ಣೆದುರು ಅವರು ಕುಳಿತದ್ದನ್ನು ನಾನು ಕಂಡಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಅವರಿಗೆಂದೇ ಇದ್ದ ಕುರ್ಚಿಯ ಮೇಲೆ ಬಾಳೆಲೆಯ ಕಟ್ಟು ವಿರಾಜಮಾನವಾಗಿರುತ್ತಿತ್ತು. ಜಯಾನಂದರು ಎಂಜಲು ತಟ್ಟೆಗಳು ಒಳಗೆ ಹೋಗುವ ಬಾಗಿಲ ಬಳಿ ನಿಂತು ಪ್ರತಿಯೊಂದರಲ್ಲೂ ಏನು ಉಳಿದಿದೆಯೆಂದು ನೋಡುತ್ತಿದ್ದರು. ಚಟ್ನಿ ಉಳಿದಿದ್ದರೆ ಕಾಯಿ ಹಳತು, ಸಾಂಬಾರು ಉಳಿದಿದ್ದರೆ ಉಪ್ಪು ಹೆಚ್ಚು, ಏನೂ ಉಳಿಯದಿದ್ದರೆ ಗಿರಾಕಿಗೆ ಹೊಟ್ಟೆ ತುಂಬಿಲ್ಲ. ಹೀಗಾಗಿ ಅವರಿಗೆ ಸಮಾಧಾನವಾದ ದಿನವೇ ಇರಲಿಲ್ಲ. ಏನು ಕೇಳಿದರೂ ಮೊದಲ ಉತ್ತರ 'ನೋಡುವ'. ಮಸಾಲೆ ದೋಸೆ ಇದೆಯೇ ಎಂದರೂ ನೋಡುವ, ಮಗಳು ಮೋನಿಷಾ ಪಾಸಾದಳೇ ಎಂದರೂ ನೋಡುವ. ಆಕೆ ಪಾಸಾಗಿ ಎರಡು ತಿಂಗಳಾಗಿತ್ತು.

ಒಳಗೆ ಅಡುಗೆಮನೆಯಲ್ಲಿ ಏಕನಾಥನಿದ್ದ. ಕುಂದಾಪುರದ ಕಡೆಯವನು, ಹೋಟೆಲು ತೆರೆದ ಮೂರನೆಯ ವರ್ಷ ಬಂದವನು, ಹತ್ತೊಂಬತ್ತು ವರ್ಷ ಆ ಒಲೆಯ ಮುಂದೆ ನಿಂತವನು. ಮಧ್ಯಾಹ್ನ ಮೂರೂವರೆಗೆ ಗಿರಾಕಿಗಳದ್ದೂ ಕೆಲಸದವರದ್ದೂ ಊಟ ಮುಗಿದ ಮೇಲೆ, ಹಿಂಬದಿಯ ಗಲ್ಲಿಯಲ್ಲಿ ಎರಡು ಎಣ್ಣೆ ಡಬ್ಬಗಳನ್ನು ಬೋರಲು ಹಾಕಿ ಮಾಲೀಕರೂ ಅವನೂ ಕೂತು ಉಣ್ಣುತ್ತಿದ್ದರು. ಮಾತಿಲ್ಲ, ಕತೆಯಿಲ್ಲ, ಒಬ್ಬನ ತಟ್ಟೆಯಲ್ಲಿ ಉಪ್ಪಿನಕಾಯಿ ಮುಗಿದರೆ ಇನ್ನೊಬ್ಬನ ಕೈ ತಾನಾಗಿ ಜಾಡಿಗೆ ಹೋಗುತ್ತಿತ್ತು. ಸ್ನೇಹ ಎಂಬ ಶಬ್ದವನ್ನು ಇಬ್ಬರ ಬಾಯಲ್ಲೂ ನಾನು ಕೇಳಿದ್ದಿಲ್ಲ.

ಎರಡು ಸಾವಿರದ ಏಳನೆಯ ಇಸವಿಯಲ್ಲಿ, ನಮ್ಮ ಕನ್ನಡ ಸಂಘದ ಸತ್ಯನಾರಾಯಣ ಪೂಜೆಯ ಊಟದ ಪಂಕ್ತಿಯಲ್ಲಿ, ಜಯಾನಂದರ ದಾಯಾದಿ ಚಂದ್ರಮೋಹನ ಒಂದು ಮಾತೆಂದ. ಆತ ಗುಡಗಾಂವ್‌ನಲ್ಲಿ ಮೂರು ಹೋಟೆಲುಗಳ ಒಡೆಯ, ಎರಡು ಕೈಗೂ ಉಂಗುರ. "ನೀನು ಮಾಲೀಕ ಅಲ್ಲ ಮಾರಾಯ, ನಿನ್ನ ಹೋಟೆಲಿನ ಸಪ್ಲೈಯರ್." ಅವನು ಹೇಳಿದ್ದು ತಮಾಷೆಗೆ, ಸುತ್ತಲಿನವರು ನಕ್ಕದ್ದೂ ತಮಾಷೆಗೇ. ಆ ಹೊತ್ತಿಗೆ ಪಾಯಸದ ಪಾತ್ರೆ ಹಿಡಿದು ನಿಜವಾಗಿಯೂ ಬಡಿಸುತ್ತಿದ್ದ ಜಯಾನಂದರು ತಾವೂ ನಕ್ಕು, ಅವನಿಗೆ ಎರಡು ಸೌಟು ಹೆಚ್ಚೇ ಹಾಕಿ ಮುಂದೆ ಹೋದರು. ಆದರೆ ಮಾತು ಒಳಗೆ ಇಳಿದಿತ್ತು. ವಾರ ಕಳೆಯುವುದರೊಳಗೆ ಅವರು ಪತ್ರಿಕೆಯ ಒಂದು ಜಾಹೀರಾತನ್ನು ಕತ್ತರಿಸಿಕೊಂಡು ನಮ್ಮ ಮನೆಗೆ ಬಂದರು.

ಸಣ್ಣ ವ್ಯಾಪಾರಿಗಳನ್ನು ನಿಜವಾದ ಮಾಲೀಕರನ್ನಾಗಿಸುವ ಹನ್ನೆರಡು ಶನಿವಾರಗಳ ತರಬೇತಿ. ಒಬ್ಬೊಬ್ಬರಿಗೂ ಪ್ರತ್ಯೇಕ ಮಾರ್ಗದರ್ಶನ. ಗುಡಗಾಂವ್‌ನ ಗಾಜಿನ ಕಟ್ಟಡದ ಎಂಟನೆಯ ಮಹಡಿ. ಶುಲ್ಕ ಎಷ್ಟೆಂದು ನಾನು ಕೇಳಲಿಲ್ಲ. ಆ ವರ್ಷ ಅಡುಗೆಮನೆಗೆ ಬರಬೇಕಾಗಿದ್ದ ಹೊಸ ಗ್ರೈಂಡರು ಬರಲಿಲ್ಲವೆಂಬುದನ್ನು ಮಾತ್ರ ನೋಡಿದೆ. ಕೋಟು ಕಡ್ಡಾಯವಂತೆ. ಸರೋಜಿನಿ ನಗರದಲ್ಲಿ ಬೂದುಬಣ್ಣದ್ದೊಂದನ್ನು ಕೊಂಡರು. ತೋಳು ಎರಡು ಬೆರಳು ಉದ್ದ, ಹೆಗಲು ಎರಡು ಬೆರಳು ಕಿರಿದು. ಬಸ್ಸಿನ ನೂಕುನುಗ್ಗಲಿನಲ್ಲಿ ಹಾಳಾದೀತೆಂದು ಅದನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಹೋಗಿ, ಲಿಫ್ಟಿನ ಮುಂದೆ ನಿಂತು ತೊಟ್ಟುಕೊಳ್ಳುತ್ತಿದ್ದರು. ಕೋಟು ತೊಟ್ಟ ಮೇಲೂ ನಡಿಗೆ ಮಾತ್ರ ಓರೆಯೇ.

ನನ್ನ ಪಾತ್ರವನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಯಾರೂ ಓದದ ಇಂಗ್ಲಿಷಿನಿಂದ ಯಾರೂ ಓದದ ಹಿಂದಿಗೆ ಕಾಗದಗಳನ್ನು ಸಾಗಿಸುವುದು ಸರ್ಕಾರ ನನಗೆ ಸಂಬಳ ಕೊಡುತ್ತಿದ್ದ ಕೆಲಸ. ತರಬೇತಿಯ ಇಂಗ್ಲಿಷ್ ಹಾಳೆಗಳನ್ನು ಕನ್ನಡದಲ್ಲಿ ಹೇಳಿ, ಕನ್ನಡದ ಉತ್ತರಗಳನ್ನು ಇಂಗ್ಲಿಷಿಗಿಳಿಸುವುದನ್ನು ನಾನು ಪುಕ್ಕಟೆಯಾಗಿ ವಹಿಸಿಕೊಂಡೆ. ಐದು ವರ್ಷಗಳ ನಂತರ ನಿಮ್ಮನ್ನು ಎಲ್ಲಿ ಕಾಣುತ್ತೀರಿ ಎಂಬ ಪ್ರಶ್ನೆಗೆ ಅವರು 'ನೋಡುವ' ಎಂದರು. ಅದನ್ನು ನಾನು ಉತ್ತರ ಭಾರತದ ಅಗ್ರಗಣ್ಯ ದಕ್ಷಿಣ ಭಾರತೀಯ ಆಹಾರ ಸಂಸ್ಥೆ ಎಂದು ಅನುವಾದಿಸಿದೆ. ಬರೆದದ್ದನ್ನು ಓದಿಸಿ ಅರ್ಥ ತಿಳಿದುಕೊಂಡ ಅವರು, ಇದು ನಾನಾ ಎಂದು ಕೇಳಿದರು. ನನ್ನ ಹೆಂಡತಿ ಲೀಲಾವತಿ ಚಹಾ ತಂದಿಡುತ್ತಾ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಪ್ರತ್ಯೇಕ ಮಾರ್ಗದರ್ಶನವೆಂದರೆ ಅರವತ್ತು ಕುರ್ಚಿಗಳು, ಒಂದು ಪರದೆ ಮತ್ತು ಕಿವಿಯಿಂದ ಬಾಯಿಗೆ ಮೈಕು ಸಿಕ್ಕಿಸಿಕೊಂಡ ಒಬ್ಬ ಕೋಚ್ ಸಾಹೇಬರು. ಅವರು ಹನ್ನೆರಡು ಶನಿವಾರವೂ ಜಯಾನಂದರನ್ನು 'ಚೆನ್ನೈವಾಲೆ ಅಣ್ಣಾ' ಎಂದು ಕರೆದರು, ಒಮ್ಮೆಯೂ ಹೋಟೆಲಿಗೆ ಬರಲಿಲ್ಲ. ಮನೆಪಾಠವಾಗಿ ಪ್ರತಿದಿನ ಬೆಳಗ್ಗೆ ಏಳಕ್ಕೆ, ದೋಸೆಕಲ್ಲು ಕಾದು ಗಿರಾಕಿ ಬಾಗಿಲಲ್ಲಿರುವ ಹೊತ್ತಿಗೆ, ಕರೋಲ್ ಬಾಗಿನ ಒಬ್ಬ ಮೋಟಾರು ಬಿಡಿಭಾಗದ ವ್ಯಾಪಾರಿಗೆ ಫೋನು ಮಾಡಿ ನಿನ್ನೆಯ ತಮ್ಮ ವಿಜಯವನ್ನು ವರದಿ ಮಾಡಬೇಕಾಗಿತ್ತು. ನಿನ್ನೆ ಇಡ್ಲಿ ಉಳಿಯಲಿಲ್ಲ ಎಂದು ಇವರೆನ್ನುವರು. ಅಚ್ಛಾ ಜೀ, ಬಹುತ್ ಬಢಿಯಾ ಎಂದು ಅವನೆನ್ನುವನು. ಮೂರು ವಾರ ಇದೇ ವಿಜಯ ನಡೆದು, ಆಮೇಲೆ ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ ಫೋನು ನಿಲ್ಲಿಸಿದರು.

ನಾಲ್ಕನೆಯ ಶನಿವಾರ ಕೋಚ್ ಸಾಹೇಬರು ಪ್ರಶ್ನೆಯೊಂದನ್ನು ಕೇಳಿದರು. ನಿಮ್ಮ ವ್ಯಾಪಾರದಲ್ಲಿ ಅತ್ಯಂತ ಮುಖ್ಯನಾದ ಮನುಷ್ಯನ ಹೆಸರು ಬರೆಯಿರಿ. ನಾಳೆ ಬೆಳಗ್ಗೆ ಅವನು ಬಸ್ಸಿನಡಿಗೆ ಬಿದ್ದ ಎಂದುಕೊಳ್ಳಿ. ನಾಡಿದ್ದು ನಿಮ್ಮ ಅಂಗಡಿ ತೆರೆಯುತ್ತದೆಯೇ? ತೆರೆಯದಿದ್ದರೆ ಅದು ವ್ಯಾಪಾರವಲ್ಲ, ಅವಲಂಬನೆ. ಇದು ಅಂಥ ತರಗತಿಗಳಲ್ಲಿ ಎಲ್ಲರೂ ಕೇಳುವ ಪ್ರಶ್ನೆ, ಎಲ್ಲರೂ ತಲೆದೂಗಿ ಊಟಕ್ಕೆ ಏಳುವ ಪ್ರಶ್ನೆ. ಜಯಾನಂದರು ಮಾತ್ರ ಏಕನಾಥ ಎಂದು ಬರೆದು, ಊಟ ಬಿಟ್ಟು ಬಂದರು. ಬೇರೆಯವರಿಗೆ ಆ ಬಸ್ಸು ಮಾತಿನ ಬಸ್ಸು. ಇವರಿಗೆ ಅದು ಔಟರ್ ರಿಂಗ್ ರೋಡಿನಲ್ಲಿ ಓಡುವ ಬಸ್ಸು. ಏಕನಾಥನ ಕೋಣೆ ಮುನಿರ್ಕಾ ಹಳ್ಳಿಯಲ್ಲಿ. ಬೆಳಗಿನ ಐದಕ್ಕೆ ಅವನು ಆ ರಸ್ತೆಯನ್ನು ದಾಟಿಯೇ ಬರಬೇಕು, ಮತ್ತು ಆ ವರ್ಷ ದೆಹಲಿಯ ಬಸ್ಸುಗಳು ಮನುಷ್ಯರನ್ನು ಲೆಕ್ಕಕ್ಕಿಡದೆ ಓಡುತ್ತಿದ್ದವು. ಸೋಮವಾರದಿಂದ ಜಯಾನಂದರು ಐದಕ್ಕೆ ಮೊದಲೇ ರಸ್ತೆಯ ಈಚೆ ಬದಿಗೆ ಹೋಗಿ ನಿಲ್ಲತೊಡಗಿದರು. ಅವನು ಸುರಕ್ಷಿತವಾಗಿ ದಾಟಿದ್ದನ್ನು ನೋಡಿ, ಕಾಣಿಸಿಕೊಳ್ಳದೆ, ಬೇರೆ ದಾರಿಯಲ್ಲಿ ಹೋಟೆಲಿಗೆ ಬರುತ್ತಿದ್ದರು. ಈ ಪ್ರೀತಿಗೆ ಆ ಹಾಳೆಗಳಲ್ಲಿ ಕಾಲಂ ಇರಲಿಲ್ಲ.

ಕಾಲಂ ಇದ್ದದ್ದು ಪುಸ್ತಕಕ್ಕೆ. ಮುಖ್ಯ ಮನುಷ್ಯನ ತಲೆಯಲ್ಲಿರುವುದನ್ನೆಲ್ಲ ಕಾಗದಕ್ಕಿಳಿಸಿ, ಯಾರು ಬೇಕಾದರೂ ನೋಡಿ ಮಾಡುವಂಥ ಪುಸ್ತಕ ತಯಾರಿಸಬೇಕು. ಒಂದು ಭಾನುವಾರ ಮಧ್ಯಾಹ್ನ ಹೋಟೆಲು ಮುಚ್ಚಿದ ಮೇಲೆ ನಾವು ಮೂವರೂ ಅಡುಗೆಮನೆಯಲ್ಲಿ ಕೂತೆವು. ಏಕನಾಥ ಹಿಡಿಯಷ್ಟು ಹುಣಸೆ ತೆಗೆಯುವನು, ಜಯಾನಂದರು ಅದನ್ನು ತಕ್ಕಡಿಗೆ ಹಾಕಿ ಗ್ರಾಮುಗಳನ್ನು ಓದುವರು, ನಾನು ಬರೆದುಕೊಳ್ಳುವೆ. ಅವನು ಅಳುಕುತ್ತಾನೆ, ಏನಾದರೂ ಬಚ್ಚಿಡುತ್ತಾನೆ ಎಂದು ನಾನು ನಿರೀಕ್ಷಿಸಿದ್ದೆ. ಅವನು ಏನನ್ನೂ ಬಚ್ಚಿಡಲಿಲ್ಲ. ಮೇ ತಿಂಗಳಲ್ಲಿ ಹಿಟ್ಟಿಗೆ ಐಸು ನೀರು, ಜನವರಿಯಲ್ಲಿ ಪಾತ್ರೆಗೆ ಕಂಬಳಿ, ಟ್ಯಾಂಕರಿನ ನೀರು ಬಂದ ದಿನ ಬೇಳೆ ಬೇಯಲು ಎಷ್ಟು ಹೊತ್ತು, ಎಲ್ಲವನ್ನೂ ತಾನಾಗಿಯೇ ನೆನಪು ಮಾಡಿಕೊಂಡು ಹೇಳಿ, ಬರೆದುಕೊಂಡಿರಾ ಎಂದು ಕೇಳಿ, ಮುಂದೆ ಹೋಗುತ್ತಿದ್ದ. ಮೂರು ಭಾನುವಾರ ಹಿಡಿಯಿತು. ಕೊನೆಯ ದಿನ ಕೈ ಒರೆಸಿಕೊಳ್ಳುತ್ತಾ, ಇದೆಲ್ಲ ಯಾತಕ್ಕೆ ಎಂದು ವಿಚಾರಿಸಿದ.

ಸುಳ್ಳು ಹೇಳಬಲ್ಲವರಾಗಿದ್ದರೆ ಜಯಾನಂದರು ಬ್ಯಾಂಕಿನವರು ಕೇಳಿದ್ದಾರೆ ಎನ್ನಬಹುದಿತ್ತು. ನಾನಾದರೂ ಹೇಳಬಹುದಿತ್ತು; ಸುಳ್ಳನ್ನು ಶುದ್ಧ ಭಾಷೆಯಲ್ಲಿ ಹೇಳುವುದು ನನ್ನ ವೃತ್ತಿಯೇ. ಅವರು ನಿಂತಲ್ಲೇ ಬಸ್ಸಿನ ಪ್ರಶ್ನೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರು. ಏಕನಾಥ ಪೂರ್ತಿ ಕೇಳಿಸಿಕೊಂಡ. ಅಶುಭದ ಮಾತು ಕಿವಿಗೆ ಬಿದ್ದರೆ ಕೂಡಲೇ 'ಬಿಡ್ತು' ಎನ್ನುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು.

"ಅವರು ಹಾಗೆ ಹೇಳಿದಾಗ ನೀವು ಬಿಡ್ತು ಅಂದ್ರಾ?" ಎಂದ.

ಜಯಾನಂದರು ತಕ್ಕಡಿಯ ತಟ್ಟೆಯನ್ನು ಒರೆಸಿಟ್ಟರು. ಆಮೇಲೆ, "ಬರಕೊಂಡೆ" ಎಂದರು.

ಜಗಳವಾಗಲಿಲ್ಲ. ಏಕನಾಥ ಮರುದಿನವೂ ಬಂದ, ಅದರ ಮರುದಿನವೂ ಬಂದ. ಮಾಲೀಕರು ರಸ್ತೆಬದಿಯಲ್ಲಿ ಅಡಗಿ ನಿಲ್ಲುವುದನ್ನು ಕಂಡೂ ಕಾಣದಂತೆ ದಾಟಿದ. ಒಂದು ತಿಂಗಳು ನಿಂತು, ಸಹಾಯಕನಾಗಿದ್ದ ಚಂದ್ರಪ್ಪನಿಗೆ ಪುಸ್ತಕದ ಪ್ರಕಾರ ಎಲ್ಲವನ್ನೂ ಕಲಿಸಿ, ದೀಪಾವಳಿ ಕಳೆದ ಮೇಲೆ ಗ್ರೇಟರ್ ನೋಯ್ಡಾದ ಒಂದು ಕಾಲೇಜಿನ ಕ್ಯಾಂಟೀನಿಗೆ ಸೇರಿಕೊಂಡ. ಹೊರಡುವಾಗ ಜಯಾನಂದರು ಬಾಗಿಲಿಗೆ ಅಡ್ಡ ನಿಂತು, ನೀನು ಹೋದರೆ ನನಗೆ ಆಗ್ಲಿಕ್ಕಿಲ್ಲ ಎಂದರಂತೆ. ಏಕನಾಥನ ಉತ್ತರವನ್ನು ಅವರು ನನಗೆ ಒಂದಲ್ಲ ಹತ್ತು ಸಲ ಹೇಳಿದ್ದಾರೆ.

"ಪುಸ್ತಕ ಉಂಟಲ್ಲ. ಇನ್ನು ತೊಂದರೆ ಇಲ್ಲ."

ಹನ್ನೆರಡನೆಯ ಶನಿವಾರ ಅವರು ಎಂಟನೆಯ ಮಹಡಿಯಲ್ಲಿ ಮೊದಲ ಬಾರಿಗೆ ಕೈ ಎತ್ತಿದರು. ತನ್ನ ಮುಖ್ಯ ಮನುಷ್ಯ ಹೋಗಿಬಿಟ್ಟಿದ್ದಾನೆ, ಅವನನ್ನು ವಾಪಸು ಕರೆತರುವುದು ಹೇಗೆ ಎಂದು ಮುರುಕು ಹಿಂದಿಯಲ್ಲಿ ಕೇಳಿದರು. ಕೋಚ್ ಸಾಹೇಬರು ಅಂಗಡಿ ಮುಚ್ಚಿದೆಯೇ ಎಂದು ಕೇಳಿದರು. ಇಲ್ಲ. ಗಿರಾಕಿ ಕಡಿಮೆಯಾಗಿದ್ದಾರೆಯೇ? ಇಲ್ಲ. ಹಾಗಾದರೆ ಅಣ್ಣಾ ಗೆದ್ದಿದ್ದಾರೆ, ಈ ತಂಡದಲ್ಲಿ ನಿಜವಾದ ಮಾಲೀಕರಾದ ಮೊದಲನೆಯವರು ಇವರೇ, ತಾಲಿ ಬಜಾಯಿಯೇ ಎಂದರು. ಐವತ್ತೊಂಬತ್ತು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಹಂತದ ತರಬೇತಿಯ ಅರ್ಜಿಯನ್ನೂ ಪ್ರಮಾಣಪತ್ರವನ್ನೂ ಒಟ್ಟಿಗೇ ಕೈಗಿತ್ತರು. ಅರ್ಜಿಯನ್ನು ಅವರು ಬಸ್ಸಿನಲ್ಲೇ ಬಿಟ್ಟು ಬಂದರು.

ಕೋಚ್ ಸಾಹೇಬರು ಹೇಳಿದ್ದು ಸುಳ್ಳಾಗಿದ್ದರೆ ನನಗೆ ಎಷ್ಟೋ ಹಾಯೆನಿಸುತ್ತಿತ್ತು. ಸಾಂಬಾರು ಕೆಡಲಿಲ್ಲ. ಗ್ರಾಮಿಗೆ ಗ್ರಾಮು ಹಾಕಿ ಚಂದ್ರಪ್ಪ ಮಾಡಿದ ಸಾಂಬಾರು ಏಕನಾಥನದೇ ಸಾಂಬಾರಾಗಿತ್ತು. ನಾನೂ ವ್ಯತ್ಯಾಸ ಹುಡುಕಿ ಹುಡುಕಿ ತಿಂದು ಸೋತೆ. ಗಿರಾಕಿಗಳಲ್ಲಿ ಒಬ್ಬರಾದರೂ ಏಕನಾಥ ಎಲ್ಲಿ ಎಂದು ಕೇಳಲಿಲ್ಲ, ಕೇಳಲು ಅವನ ಮುಖವನ್ನು ನೋಡಿದವರೇ ಇರಲಿಲ್ಲ. ತರಬೇತಿ ಮಾತುಕೊಟ್ಟಂತೆ ಜಯಾನಂದರಿಗೆ ಬಿಡುವೂ ಸಿಕ್ಕಿತು. ಆ ಬಿಡುವನ್ನು ಎತ್ತಿಕೊಂಡು ಅವರು ಮೂರೂವರೆಗೆ ನಮ್ಮ ಮನೆಗೆ ಬಂದು ಕೂರುತ್ತಿದ್ದರು. ಲೀಲಾವತಿ ಊಟ ಆಯಿತೇ ಎಂದರೆ ಆಯಿತು ಎನ್ನುತ್ತಿದ್ದರು, ಆಗಿರುತ್ತಿರಲಿಲ್ಲ. ಆಕೆ ತಟ್ಟೆ ತಂದಿಟ್ಟರೆ ತಲೆ ತಗ್ಗಿಸಿ ಉಣ್ಣುವರು. ನನಗೆ ಅದನ್ನು ನೋಡುವುದು ಕಷ್ಟವಾಗುತ್ತಿತ್ತು, ಏಕೆಂದರೆ ಪುಸ್ತಕ ನನ್ನ ಅಕ್ಷರದಲ್ಲಿತ್ತು.

ಚಳಿ ಇಳಿಯುವ ಹೊತ್ತಿಗೆ ಒಂದು ದಿನ ಮೂರು ಬಸ್ಸು ಬದಲಿಸಿ ಗ್ರೇಟರ್ ನೋಯ್ಡಾಕ್ಕೆ ಹೋದರು. ಏಕನಾಥ ಸಂತೋಷದಿಂದಲೇ ಬರಮಾಡಿಕೊಂಡನಂತೆ. ಕ್ಯಾಂಟೀನಿನಲ್ಲಿ ಕುರ್ಚಿ ಒರೆಸಿ ಕೂರಿಸಿ, ಎಲೆ ಹಾಕಿ, ತಾನೇ ಬಡಿಸಿದನಂತೆ. ಕೂತುಕೋ ಎಂದರೆ ಕೂರಲಿಲ್ಲ. ನೀವು ಮಾಲೀಕರು, ನೀವು ಉಣ್ಣಿ ಎಂದು ಪಕ್ಕದಲ್ಲಿ ನಿಂತ. ಮರಳಿ ಬಾ ಎಂಬ ಮಾತನ್ನು ಹೇಳಲೆಂದೇ ಅಷ್ಟು ದೂರ ಹೋದವರು ಅದನ್ನು ಹೇಳದೆ ಕೈತೊಳೆದು ಬಂದರು. ಅವನ ಮಾತಿನಲ್ಲಿ ಕೊಂಕಿದ್ದಿದ್ದರೆ ಹೇಳುತ್ತಿದ್ದೆ ಎಂದು ನನ್ನೊಡನೆ ಅಂದರು; ಇರಲಿಲ್ಲ.

ಕೆಲಸ ಮೈಯೊಳಗೆ ಇಳಿದುಹೋಗಿ ಅದು ವಿದ್ಯೆಯೆಂಬುದನ್ನೇ ಮರೆತವರ ಒಂದು ಕುಲವಿದೆ. ಹೋಟೆಲು, ಹೊಲಿಗೆ, ಗಡಿಯಾರದ ರಿಪೇರಿ, ಎಲ್ಲ ಕಸುಬುಗಳಲ್ಲೂ ಇದ್ದಾರೆ. ಕಾಗದದಲ್ಲಿ ಬಂದದ್ದಕ್ಕೆ ಕೈಮುಗಿಯುವುದು, ಕೇಳಿದ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಬರೆಯುವುದು ಅವರ ಸ್ವಭಾವ. ಅವರನ್ನು ಕೆಡಿಸುವುದು ಮೋಸವಲ್ಲ. ಮೋಸವಾದರೆ ಎರಡು ದಿನ ಬೈದು ಮತ್ತೆ ಕೆಲಸಕ್ಕೆ ಹತ್ತಿಕೊಳ್ಳುತ್ತಾರೆ. ಅವರನ್ನು ಕೆಡಿಸುವುದು ಯಾರೂ ಅನಿವಾರ್ಯರಲ್ಲ ಎಂಬಂಥ ನಿಜದ ಮಾತುಗಳು. ಆ ನಿಜವನ್ನು ಕಲಿತು ಈಗ ಏನು ಮಾಡಬೇಕೆಂದು ಅವರಿಗೂ ತಿಳಿಯದು, ಕಲಿಸಿದವರಿಗೂ ತಿಳಿಯದು. ನೀನಿಲ್ಲದಿದ್ದರೆ ನನಗಾಗುವುದಿಲ್ಲ ಎಂಬ ಸುಳ್ಳನ್ನು ಇಬ್ಬರು ಮನುಷ್ಯರು ಹತ್ತೊಂಬತ್ತು ವರ್ಷ ನಂಬಿಕೊಂಡು ಬಂದಿದ್ದರೆ, ಅದನ್ನು ತಿದ್ದಿಸಿಕೊಳ್ಳಲು ಯಾರಿಗೂ ದುಡ್ಡು ಕೊಡಬಾರದು.